ನಗುವವರ ಸಾಲಿನಲ್ಲಿ ಕೂತು ನೋಡಿದ ಸಿನಿಮಾ

2014ರ ಫೆಬ್ರವರಿ. ನನ್ನ ನಿವೃತ್ತಿಗೆ ಇನ್ನೂ ಮೂರು ವರ್ಷ ಬಾಕಿ ಇತ್ತು. ಪುಣೆಯ ನಮ್ಮ ಆಫೀಸಿನಲ್ಲಿ ಮಧ್ಯಾಹ್ನ ಡಬ್ಬಿ ಬಿಚ್ಚಿಕೊಂಡು ಕೂತಾಗ ಒಂದು ಶಬ್ದದ ಬಗ್ಗೆ ಚರ್ಚೆ ನಡೆದಿತ್ತು. ಊರ ತುಂಬ ಹೊಸ ಮರಾಠಿ ಸಿನಿಮಾದ ಪೋಸ್ಟರು ಬಿದ್ದಿದ್ದವು. ಹೆಸರು 'ಫ್ಯಾಂಡ್ರಿ'. ಮೇಜಿನ ಸುತ್ತ ಇದ್ದವರೆಲ್ಲ ಮರಾಠಿಯವರೇ, ಆದರೆ ಯಾರಿಗೂ ಅರ್ಥ ಗೊತ್ತಿಲ್ಲ. ಒಬ್ಬರು ಇಂಗ್ಲಿಷ್ ಶಬ್ದ ಇರಬೇಕು ಅಂದರು. ಇನ್ನೊಬ್ಬರು ಹುಡುಗಿಯ ಹೆಸರು ಅಂದರು. ನಾನು ಚಪಾತಿ ಮುರಿಯುತ್ತ 'ಡುಕ್ಕರ್' ಅಂದೆ. ಅಂದರೆ ಹಂದಿ. ಎಲ್ಲರೂ ನನ್ನ ಕಡೆ ತಿರುಗಿದರು. "ಸಾಹೇಬ, ನೀವು ಕಾನಡೀ ಮನುಷ್ಯರು, ನಿಮಗೆ ಹ್ಯಾಗೆ ಗೊತ್ತು?"

ಅದಕ್ಕೆ ನಾನು ಕೊಟ್ಟ ಉತ್ತರ ಸುಳ್ಳೇನೂ ಅಲ್ಲ. ತಮಿಳಿನಲ್ಲಿ ಪನ್ರಿ, ತೆಲುಗಿನಲ್ಲಿ ಪಂದಿ, ಹಳಗನ್ನಡದಲ್ಲೂ ಪಂದಿ. ನಮ್ಮಲ್ಲಿ ಪಕಾರ ಹಕಾರವಾಗಿ ಹಾಲು, ಹೂವು, ಹುಲಿ ಬಂದ ಹಾಗೆ ಪಂದಿ ಹೋಗಿ ಹಂದಿ ಬಂತು. ಕೈಕಾಡಿ ಜನರ ಬಾಯಲ್ಲಿ ಅದೇ ಶಬ್ದ ಫ್ಯಾಂಡ್ರಿ ಆಗಿದೆ, ಅವರ ಮನೆಮಾತು ನಮ್ಮ ದ್ರಾವಿಡ ಭಾಷೆಗಳ ಕುಲದ್ದೇ ಅಂತ ವಿವರಿಸಿದೆ. ಎಲ್ಲರಿಗೂ ಖುಷಿಯಾಯಿತು. ಹೊರನಾಡಿನಲ್ಲಿ ಮೂವತ್ತು ವರ್ಷ ಕಳೆದವನಿಗೆ ಇಂಥ ಸಣ್ಣ ಜಂಬದ ಸಂದರ್ಭಗಳು ಬೇಕಾಗುತ್ತವೆ, ಬಿಡಿ. ಆದರೆ ಆ ಶಬ್ದ ನನಗೆ ಗೊತ್ತಿದ್ದದ್ದು ವ್ಯಾಕರಣದ ಪುಸ್ತಕದಿಂದಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಸಿನಿಮಾ. ನಾಗರಾಜ ಮಂಜುಳೆ ಅವರ ಮೊದಲ ಪೂರ್ಣ ಪ್ರಮಾಣದ ಚಿತ್ರ ಇದು. ಅವರು ಸೊಲ್ಲಾಪುರ ಜಿಲ್ಲೆಯ ಕರಮಾಳಾ ತಾಲೂಕಿನ ಜೇವೂರಿನವರು, ಕಲ್ಲು ಒಡೆಯುವ ವಡಾರ್ ಸಮುದಾಯದಲ್ಲಿ ಹುಟ್ಟಿದವರು, ಕವಿ. ಅದಕ್ಕಿಂತ ಮೊದಲು 'ಪಿಸ್ತುಲ್ಯಾ' ಎಂಬ ಕಿರುಚಿತ್ರ ಮಾಡಿ ರಾಷ್ಟ್ರಪ್ರಶಸ್ತಿ ಪಡೆದಿದ್ದರು. 'ಫ್ಯಾಂಡ್ರಿ' 2013ರ ಅಕ್ಟೋಬರಿನಲ್ಲಿ ಲಂಡನ್ ಚಿತ್ರೋತ್ಸವದಲ್ಲಿ ತೆರೆಕಂಡಿತು, ಮುಂಬೈ ಚಿತ್ರೋತ್ಸವದಲ್ಲೂ ಗೆದ್ದಿತು. ಇಂಥ ಚಿತ್ರಗಳ ಹಣೆಬರಹ ಸಾಮಾನ್ಯವಾಗಿ ನಿಮಗೂ ಗೊತ್ತು. ನಾಲ್ಕು ಚಿತ್ರೋತ್ಸವ, ಎರಡು ಪ್ರಶಸ್ತಿ, ಒಂದು ಭಾನುವಾರ ಮಧ್ಯಾಹ್ನ ದೂರದರ್ಶನ, ಮುಗಿಯಿತು. ಇದಕ್ಕೆ ಹಾಗಾಗಲಿಲ್ಲ. ದೊಡ್ಡ ವಿತರಕರು ಸಿಕ್ಕರು. ಬಿಡುಗಡೆಗೆ ಅವರು ಆರಿಸಿದ ದಿನ ಯಾವುದು ನೋಡಿ: 2014ರ ಫೆಬ್ರವರಿ 14, ಶುಕ್ರವಾರ. ಪ್ರೇಮಿಗಳ ದಿನ!

ಜಾಹೀರಾತೂ ಹಾಗೇ ಇತ್ತು. ಶಾಲೆಯ ಹುಡುಗ, ಬಿಳಿ ಬಣ್ಣದ ಚೆಂದದ ಹುಡುಗಿ, ಹಳ್ಳಿ, ಕಳ್ಳ ನೋಟ. ಅಜಯ್–ಅತುಲ್ ಜೋಡಿ ಒಂದು ಹಾಡು ಕಟ್ಟಿಕೊಟ್ಟಿತ್ತು. ಪ್ರೀತಿಯ ಚೇಳು ಕುಟುಕಿದ ಸಂಕಟದ ಹಾಡು. ಟೀವಿಯಲ್ಲಿ, ಆಟೋದಲ್ಲಿ, ಗಣಪತಿ ಮಂಡಳಿಗಳ ಧ್ವನಿವರ್ಧಕದಲ್ಲಿ ಎಲ್ಲೆಲ್ಲೂ ಅದೇ. ಮಜಾ ಎಂದರೆ ಆ ಹಾಡು ಸಿನಿಮಾದ ಒಳಗೆ ಇಲ್ಲವೇ ಇಲ್ಲ. ಪ್ರಚಾರಕ್ಕೆಂದೇ ಮಾಡಿದ್ದು. ಇದು ಮೋಸ ಅಂತ ಆಗ ಅನೇಕರು ಅಂದರು. ನಾನು ಇದನ್ನು ಹತ್ತು ವರ್ಷ ಯೋಚಿಸಿದ್ದೇನೆ. ಮೋಸ ಹೌದು, ಆದರೆ ಆ ಚಿತ್ರಕ್ಕೆ ಆ ಮೋಸ ಬೇಕಾಗಿತ್ತು ಅಂತ ಈಗ ನನ್ನ ಅಭಿಪ್ರಾಯ. ಯಾಕೆ ಅಂತ ಹೇಳುವುದಕ್ಕೇ ಇದನ್ನೆಲ್ಲ ಬರೆಯುತ್ತಿರುವುದು.

ಬಿಡುಗಡೆಯಾದ ಭಾನುವಾರ ನಾನು, ನನ್ನ ಹೆಂಡತಿ ಕೊಥರೂಡಿನ ಒಂದು ಮಲ್ಟಿಪ್ಲೆಕ್ಸಿಗೆ ಹೋದೆವು. ಥಿಯೇಟರು ತುಂಬಿತ್ತು. ಮುಕ್ಕಾಲು ಪಾಲು ಕಾಲೇಜು ಹುಡುಗರು, ಹುಡುಗಿಯರು. ನಮ್ಮ ವಯಸ್ಸಿನವರು ಹತ್ತಿಪ್ಪತ್ತು ಜನ ಇದ್ದಿರಬಹುದು. ಜನ ಬಂದದ್ದು ಪ್ರೇಮಕಥೆ ನೋಡಲಿಕ್ಕೆ, ಸಂಶಯವಿಲ್ಲ.

ಕಥೆ ಹೀಗಿದೆ. ಜಾಂಬುವಂತ ಕಚರು ಮಾನೆ, ಕರೆಯುವ ಹೆಸರು ಜಬ್ಯಾ. ಊರ ಹೊರಗಿನ ಒಂಟಿ ಗುಡಿಸಲಿನ ಕೈಕಾಡಿ ಹುಡುಗ. ಈ ಜನ ಬುಟ್ಟಿ ಹೆಣೆಯುವವರು, ನಮ್ಮ ಕಡೆಯ ಕೊರಮ, ಕೊರಚರ ಬಳಗದವರು ಅಂತ ತಿಳಿದವರು ಹೇಳುತ್ತಾರೆ. 1871ರ ಕಾನೂನಿನ ಕೆಳಗೆ ಬ್ರಿಟಿಷರು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿದ ಬುಡಕಟ್ಟುಗಳಲ್ಲಿ ಇವರೂ ಸೇರಿದ್ದರು. 1952ರಲ್ಲಿ ಆ ಪಟ್ಟಿ ರದ್ದಾಯಿತು. ಜಬ್ಯಾನಿಗೆ ತನ್ನ ತರಗತಿಯ ಶಾಲೂ ಮೇಲೆ ಆಸೆ. ಉದ್ದ ಬಾಲದ ಒಂದು ಕಪ್ಪು ಹಕ್ಕಿಯನ್ನು ಹಿಡಿದು ಸುಟ್ಟು ಅದರ ಬೂದಿಯನ್ನು ಹುಡುಗಿಯ ಮೇಲೆ ಚೆಲ್ಲಿದರೆ ಆಕೆ ಒಲಿಯುತ್ತಾಳೆ ಅಂತ ಊರಿನ ಸೈಕಲ್ ಅಂಗಡಿಯ ಚಂಕ್ಯಾ ಹೇಳಿಕೊಟ್ಟಿದ್ದಾನೆ. ಚಂಕ್ಯಾನ ಪಾತ್ರ ಮಂಜುಳೆ ಅವರೇ ಮಾಡಿದ್ದಾರೆ. ಹುಡುಗ ಗೆಳೆಯ ಪಿರ್ಯಾನನ್ನು ಕಟ್ಟಿಕೊಂಡು, ಕವಣೆ ಹಿಡಿದುಕೊಂಡು, ಜಾಲಿ ಕಂಟಿಗಳಲ್ಲಿ ಆ ಹಕ್ಕಿಯ ಬೆನ್ನು ಹತ್ತುತ್ತಾನೆ. ಮನೆಯಲ್ಲಿ ಮೂಗು ಚೂಪಾಗಲಿ ಅಂತ ಬಟ್ಟೆಯ ಕ್ಲಿಪ್ ಸಿಕ್ಕಿಸಿಕೊಳ್ಳುತ್ತಾನೆ, ಮುಖಕ್ಕೆ ಪೌಡರು ಬಳಿಯುತ್ತಾನೆ. ಜೀನ್ಸ್ ಪ್ಯಾಂಟು ಬೇಕು, ದುಡ್ಡಿಲ್ಲ. ಅಪ್ಪ ಕಚರುಗೆ ಮಗಳ ಮದುವೆಯ ಚಿಂತೆ, ವರದಕ್ಷಿಣೆಯ ಚಿಂತೆ.

ಹಳ್ಳಿಯಲ್ಲಿ ಬೆಳೆದ ಯಾವ ಗಂಡಸು ಈ ಭಾಗ ನೋಡಿ ತನ್ನ ಹದಿಮೂರನೆಯ ವಯಸ್ಸು ನೆನೆಯದೆ ಇದ್ದಾನು? ಥಿಯೇಟರಿನಲ್ಲಿ ಸೀಟಿ, ಚಪ್ಪಾಳೆ. ನನಗೂ ಗದಗ ಕಡೆಯ ನಮ್ಮ ಹೈಸ್ಕೂಲು ನೆನಪಾಯಿತು. ಜಬ್ಯಾನ ಪಾತ್ರಧಾರಿ ಸೋಮನಾಥ ಅವಘಡೆ ಹಳ್ಳಿಯ ಹುಡುಗ, ಅಲ್ಲಿಯವರೆಗೆ ಕ್ಯಾಮರಾ ಕಂಡವನಲ್ಲ. ಆ ವರ್ಷದ ರಾಷ್ಟ್ರಪ್ರಶಸ್ತಿಗಳಲ್ಲಿ ಬಾಲನಟ ಪ್ರಶಸ್ತಿಯನ್ನು ತಮಿಳಿನ ಒಬ್ಬ ಹುಡುಗಿಯೊಂದಿಗೆ ಹಂಚಿಕೊಂಡ. ಮಂಜುಳೆ ಅವರಿಗೆ ಚೊಚ್ಚಲ ನಿರ್ದೇಶನಕ್ಕಾಗಿ ಇಂದಿರಾ ಗಾಂಧಿ ಪ್ರಶಸ್ತಿ ಬಂತು. ಆದರೆ ನನ್ನ ಮಟ್ಟಿಗೆ ಚಿತ್ರವನ್ನು ಹೊತ್ತವರು ಅಪ್ಪ ಕಚರು ಆದ ಕಿಶೋರ್ ಕದಮ್. ಅವರು ಬೆನ್ನು ಬಗ್ಗಿಸುವ ರೀತಿ ಇದೆಯಲ್ಲ, ಅದು ನಟನೆಯೇ ಅಲ್ಲ ಅನ್ನಿಸುತ್ತದೆ. ಸಾಲ ಕೇಳಲು ಬಂದು ಕುರ್ಚಿ ತೋರಿಸಿದರೂ ಕೂರದೆ ನಿಂತ ಎಷ್ಟೋ ಬೆನ್ನುಗಳನ್ನು ನಾನು ನೋಡಿದ್ದೇನೆ.

ಜಾತ್ರೆಯ ಪಲ್ಲಕ್ಕಿ ಮೆರವಣಿಗೆ ಬರುತ್ತದೆ. ಜಬ್ಯಾ ಹೊಸ ಬಟ್ಟೆ ತೊಟ್ಟು, ಹಲಗೆ ಬಡಿದು, ಶಾಲೂ ಎದುರು ಕುಣಿಯಬೇಕು ಅಂತ ಹೊರಟವನು. ಹಲಗೆ ಅಂದರೆ ನಮ್ಮ ಹಲಗೆಯೇ, ಹೆಸರೂ ಅದೇ. ಅಪ್ಪ ಅವನನ್ನು ಹಿಡಿದು ಎಳೆದು ತಲೆಯ ಮೇಲೆ ದೀಪ ಹೊರಿಸುತ್ತಾನೆ. ಕುಣಿಯುವವರಿಗೆ ಬೆಳಕು ಹಿಡಿಯುವುದು ಅವರ ಪಾಲಿನ ಕೆಲಸ. ಬೆಳಕು ಹೊತ್ತವನ ಮುಖದ ಮೇಲೇ ಬೆಳಕು ಬಿದ್ದು ಅವನ ಅವಮಾನ ಊರಿಗೆಲ್ಲ ಕಾಣುತ್ತದೆ. ನಮ್ಮೂರ ಜಾತ್ರೆಯಲ್ಲೂ ಗ್ಯಾಸ್‌ಬತ್ತಿ ಹೊರುವವರು ಇದ್ದರು. ಅವರ ಮುಖ ಹೇಗಿತ್ತು ಅಂತ ನಾನು ಎಂದೂ ನೋಡಿರಲಿಲ್ಲ. ದೇವರ ಮುಖ ನೋಡಲಿಕ್ಕೆ ಹೋಗಿದ್ದು.

ಆ ಗದ್ದಲದಲ್ಲಿ ಹಂದಿಯೊಂದು ಮೆರವಣಿಗೆಯೊಳಗೆ ನುಗ್ಗುತ್ತದೆ. ಮೈಲಿಗೆಯಾಯಿತು ಅಂತ ರಂಪ. ಊರಿನ ಹಂದಿಗಳನ್ನೆಲ್ಲ ಹಿಡಿ ಅಂತ ಕಚರುಗೆ ಪಾಟೀಲನ ಅಪ್ಪಣೆ. ಮಗಳ ಮದುವೆಗೆ ದುಡ್ಡು ಬೇಕು, ಆತ ಒಪ್ಪುತ್ತಾನೆ. ಮರುದಿನ ಇಡೀ ಸಂಸಾರ, ಗಂಡ, ಹೆಂಡತಿ, ಹೆಣ್ಣುಮಕ್ಕಳು, ಜಬ್ಯಾ ಎಲ್ಲರೂ, ಶಾಲೆಯ ಬದಿಯ ಬಯಲಿನಲ್ಲಿ ಹಂದಿಯ ಹಿಂದೆ ಓಡುತ್ತಾರೆ. ಶಾಲೆಯ ಹುಡುಗರು ಗೋಡೆಯ ಮೇಲೆ, ಕಟ್ಟೆಯ ಮೇಲೆ ಕೂತು ನೋಡುತ್ತಾರೆ. ಶಾಲೂನೂ ಇದ್ದಾಳೆ. ಮೊಬೈಲಿನಲ್ಲಿ ಫೋಟೋ ಹೊಡೆಯುತ್ತಾರೆ. ಜಬ್ಯಾ ಯಾರಿಗೂ ಕಾಣದ ಹಾಗೆ ಮರೆಯಲ್ಲಿ ಅವಿತು ಕೂರುತ್ತಾನೆ.

ಇಲ್ಲಿ ಒಂದು ಪ್ರಸಂಗ ಇದೆ. ಊರಿನ ಓದುಗರಿಗೆ ಅದರ ಪೂರ್ತಿ ರುಚಿ ಹತ್ತಬೇಕಾದರೆ ಒಂದು ಹಿನ್ನೆಲೆ ಬೇಕು. ಮಹಾರಾಷ್ಟ್ರದಲ್ಲಿ 2003ರಿಂದಲೇ ಪ್ರತಿ ಸಿನಿಮಾದ ಮೊದಲು ರಾಷ್ಟ್ರಗೀತೆ, ಎಲ್ಲರೂ ಎದ್ದು ನಿಲ್ಲುವ ಪದ್ಧತಿ. ಸುಪ್ರೀಂ ಕೋರ್ಟು ದೇಶಕ್ಕೆಲ್ಲ ಅದನ್ನು ಕಡ್ಡಾಯ ಮಾಡಿದ್ದು 2016ರ ಕೊನೆಗೆ, ಸಡಿಲಿಸಿದ್ದು 2018ರಲ್ಲಿ. ನಾವು ಇಲ್ಲಿಯವರು ಅಷ್ಟರಲ್ಲಿ ಹತ್ತು ಹನ್ನೊಂದು ವರ್ಷ ಎದ್ದು ಕೂತು ರೂಢಿಯಾದವರು. ಆವತ್ತೂ ಪಾಪ್‌ಕಾರ್ನ್ ಪೊಟ್ಟಣ ಕಾಲಬುಡದಲ್ಲಿಟ್ಟು ಎದ್ದು ನಿಂತು ಕೂತಿದ್ದೆವು. ಈಗ ತೆರೆಯ ಮೇಲೆ, ಹಂದಿ ಇನ್ನೇನು ಕೈಗೆ ಸಿಕ್ಕಿತು ಅನ್ನುವಾಗ, ಶಾಲೆಯಲ್ಲಿ 'ಜನಗಣಮನ' ಶುರುವಾಗುತ್ತದೆ. ಜಬ್ಯಾ ಗಕ್ಕನೆ ನಿಂತುಬಿಡುತ್ತಾನೆ, ಅಟೆನ್ಷನ್‌ನಲ್ಲಿ. ಅವನನ್ನು ನೋಡಿ ಅಪ್ಪ ನಿಲ್ಲುತ್ತಾನೆ, ಅಕ್ಕ ನಿಲ್ಲುತ್ತಾಳೆ. ಹಂದಿಗೆ ರಾಷ್ಟ್ರಗೀತೆ ಗೊತ್ತಿಲ್ಲ, ಅದು ನಿಧಾನಕ್ಕೆ ನಡೆದು ಹೋಗುತ್ತದೆ.

ಥಿಯೇಟರು ಬಿದ್ದು ಬಿದ್ದು ನಕ್ಕಿತು. ನಮ್ಮ ಮುಂದಿನ ಸಾಲಿನ ಇಬ್ಬರು ಹಿರಿಯರು ಅಭ್ಯಾಸಬಲದಿಂದ ಅರ್ಧ ಎದ್ದರು. ಕೂರಬೇಕೋ ನಿಲ್ಲಬೇಕೋ ತಿಳಿಯದೆ ಬಗ್ಗಿದ ಭಂಗಿಯಲ್ಲೇ ಉಳಿದರು. ಅದನ್ನು ನೋಡಿ ಹಿಂದಿನವರು ಇನ್ನಷ್ಟು ನಕ್ಕರು. ನಾನೂ ನಕ್ಕೆ. ಬೈಯಲಿಕ್ಕೆ ಒಂದು ಮಾತಿಲ್ಲದೆ ನಿರ್ದೇಶಕ ಏನೆಲ್ಲ ಹೇಳಿಬಿಟ್ಟ ಅಂತ ಹೊಳೆದದ್ದು ಮನೆಗೆ ಬಂದ ಮೇಲೆ. ಆ ಕ್ಷಣಕ್ಕೆ ನಗು ಬಂದಿತ್ತು ಅಷ್ಟೇ.

ನಂತರವೂ ಹಂದಿ ಹಿಡಿಯುವ ಆಟ ಬಹಳ ಹೊತ್ತು ನಡೆಯುತ್ತದೆ. ಬೇಕೆಂತಲೇ ಉದ್ದ ಮಾಡಿದ್ದಾರೆ. ಕಚರು ಬೀಳುತ್ತಾನೆ, ಏಳುತ್ತಾನೆ. ತೆರೆಯ ಮೇಲಿನ ಹುಡುಗರು ನಗುತ್ತಾರೆ, ತೆರೆಯ ಕೆಳಗೆ ನಾವು ನಗುತ್ತೇವೆ. ಎಲ್ಲೋ ಒಂದು ಕಡೆ ನಮ್ಮ ನಗು ನಿಲ್ಲುತ್ತದೆ, ಅವರದು ನಿಲ್ಲುವುದಿಲ್ಲ. ಹಂದಿ ಸಿಗುತ್ತದೆ. ಕಾಲು ಕಟ್ಟಿ ಕೋಲಿಗೆ ತೂಗುಹಾಕಿ ಜಬ್ಯಾ ಮತ್ತು ಅಕ್ಕ ಹೊತ್ತು ನಡೆಯುತ್ತಾರೆ. ಹಿಂದೆ ಪುಂಡರ ಹಿಂಡು, 'ಫ್ಯಾಂಡ್ರಿ ಫ್ಯಾಂಡ್ರಿ' ಅಂತ ಕೂಗು. ಶಾಲೆಯ ಗೋಡೆಯ ಮೇಲೆ ಅಂಬೇಡ್ಕರ್, ಫುಲೆ ದಂಪತಿ, ಶಾಹೂ ಮಹಾರಾಜ, ಗಾಡಗೆ ಮಹಾರಾಜರ ಚಿತ್ರಗಳು; ಅವುಗಳ ಮುಂದೆ ಹಂದಿ ಹೊತ್ತ ಮಕ್ಕಳು ಹಾದುಹೋಗುತ್ತಾರೆ. ಕೊನೆಗೆ ಜಬ್ಯಾ ಹೊರೆ ಇಳಿಸಿ ಕಲ್ಲು ಎತ್ತುತ್ತಾನೆ. ಒಂದಾದ ಮೇಲೆ ಒಂದು. ಕಡೆಯ ಕಲ್ಲು ನೇರ ಕ್ಯಾಮರಾದ ಕಡೆ, ಅಂದರೆ ನಮ್ಮ ಕಡೆ ಬರುತ್ತದೆ. ತೆರೆ ಕಪ್ಪಾಗುತ್ತದೆ.

ಆವತ್ತು ಥಿಯೇಟರಿನಲ್ಲಿ ಚಪ್ಪಾಳೆ ಬೀಳಲಿಲ್ಲ. ದೀಪ ಹತ್ತಿದ ಮೇಲೆ ಜನ ಒಬ್ಬರ ಮುಖ ಒಬ್ಬರು ನೋಡದೆ ಎದ್ದು ಹೋದರು. ಆಟೋದಲ್ಲಿ ಕರ್ವೆ ರಸ್ತೆ ದಾಟುವಾಗ ನನ್ನ ಹೆಂಡತಿ, "ನೀವೂ ನಗ್ಲಿಕ್ಕತ್ತಿದ್ರಿ" ಅಂದಳು. "ನೀ ನಗಲಿಲ್ಲೇನು?" ಅಂದೆ. "ನಾನೂ ನಕ್ಕೆ" ಅಂದಳು. ಮನೆ ಬರುವವರೆಗೆ ಮತ್ತೆ ಮಾತಿಲ್ಲ.

ದೋಷಗಳಿಲ್ಲ ಅಂತಲ್ಲ. ಚಂಕ್ಯಾನ ಪಾತ್ರ ಮಂಜು ಮಂಜಾಗಿದೆ. ಅವನ ಹಿಂದಿನ ಕಥೆಯನ್ನು ಅಲ್ಲಿ ಇಲ್ಲಿ ಎರಡು ಮಾತಿನಲ್ಲಿ ತೋರಿಸಿ ಬಿಟ್ಟಿದ್ದಾರೆ. ಶಾಲೂಗೆ ಮಾತೇ ಇಲ್ಲದಷ್ಟು ಕಡಿಮೆ. ಹುಡುಗನ ಕಣ್ಣಿನಿಂದ ನೋಡಿದ ಹುಡುಗಿ ಅಂತ ಸಮರ್ಥಿಸಬಹುದು, ಆದರೂ ಆಕೆಗೊಂದು ಮನಸ್ಸು ಕೊಡಬಹುದಾಗಿತ್ತು. ಮಹಾತ್ಮರ ಚಿತ್ರಗಳ ಗೋಡೆ ಮೊದಲ ಸಲ ನೋಡಿದಾಗ ಬೆರಳು ಮಾಡಿ ತೋರಿಸಿದ ಹಾಗೆ ಅನ್ನಿಸಿತ್ತು. ಆಮೇಲೆ ಯೋಚಿಸಿದೆ. ಇಲ್ಲಿಯ ಹಳ್ಳಿ ಶಾಲೆಗಳ ಗೋಡೆಯ ಮೇಲೆ ನಿಜವಾಗಿ ಈ ಚಿತ್ರಗಳು ಇರುತ್ತವೆ, ನಮ್ಮಲ್ಲಿ ಬಸವಣ್ಣ, ಕುವೆಂಪು ಇರುವ ಹಾಗೆ. ನಿರ್ದೇಶಕ ಗೋಡೆ ಕಟ್ಟಿಸಲಿಲ್ಲ, ಅದರ ಮುಂದೆ ಕ್ಯಾಮರಾ ಇಟ್ಟ. ಆ ಆಕ್ಷೇಪಣೆ ವಾಪಸ್ಸು ತೆಗೆದುಕೊಂಡಿದ್ದೇನೆ.

ಪತ್ರಿಕೆಗಳು ಕೊಂಡಾಡಿದವು. ಜನವೂ ಬಂದರು. ಹಾಡು ಕುಣಿತವಿಲ್ಲದ, ಹೊಸ ಮುಖಗಳ ಮರಾಠಿ ಚಿತ್ರಕ್ಕೆ ಅದು ಸಣ್ಣ ಮಾತಲ್ಲ. ಮಲ್ಟಿಪ್ಲೆಕ್ಸುಗಳು ಒಳ್ಳೆಯ ಹೊತ್ತಿನ ಆಟ ಮರಾಠಿಗೆ ಕೊಡಲೇಬೇಕು ಅಂತ ಸರಕಾರ ಹೇಳಿದ್ದು ಮರುವರ್ಷ, 2015ರಲ್ಲಿ. ನಮ್ಮ ಆಫೀಸಿನ ಡಬ್ಬಿ ಮೇಜಿನಲ್ಲಿ ಮಾತ್ರ ಎರಡು ಪಕ್ಷವಾಯಿತು. "ಪ್ರೇಮಕಥೆ ಅಂತ ಕರೆದು ಜಾತಿಯ ಪಾಠ ಹೇಳಿದ" ಅಂತ ಒಬ್ಬರು ಸಿಟ್ಟಾದರು. "ನೂರಾ ಎಂಬತ್ತು ರೂಪಾಯಿ ಕೊಟ್ಟು ಕಲ್ಲು ಹೊಡೆಸಿಕೊಂಡು ಬಂದೆ" ಅಂತ ಇನ್ನೊಬ್ಬರು ನಕ್ಕರು. ಮೂಲೆಯಲ್ಲಿ ಕೂರುತ್ತಿದ್ದ ನಮ್ಮ ಹೊಸ ಕ್ಲಾರ್ಕ್ ಹುಡುಗ ಎರಡು ಸಲ ನೋಡಿ ಬಂದಿದ್ದನಂತೆ, ಏನೂ ಮಾತಾಡಲಿಲ್ಲ. ಅವನು ಯಾವ ಊರು, ಏನು ಅಂತ ನಾವು ಯಾರೂ ಕೇಳಲಿಲ್ಲ, ಕೇಳುವ ಧೈರ್ಯ ಆವತ್ತು ಯಾರಿಗೂ ಇರಲಿಲ್ಲ.

ಎರಡನೆಯ ಸಲ ನಾನು ಅದನ್ನು ನೋಡಿದ್ದು ಅದೇ ವರ್ಷ ಮಳೆಗಾಲದಲ್ಲಿ, ಕನ್ನಡದವರ ನಡುವೆ. ನಮ್ಮದೊಂದು ಸಣ್ಣ ಬಳಗ ಇದೆ. ಸಂಕ್ರಾಂತಿಗೆ ಎಳ್ಳು ಬೆಲ್ಲ, ನವೆಂಬರಿನಲ್ಲಿ ಒಂದು ನಾಟಕ, ನಡುನಡುವೆ ಒಂದು ಒಳ್ಳೆಯ ಸಿನಿಮಾ. 'ಫ್ಯಾಂಡ್ರಿ' ಹಾಕೋಣ ಅಂತ ಸೂಚಿಸಿದವನು ನಾನೇ, ಹಾಗಾಗಿ ಪ್ರಾಸ್ತಾವಿಕ ಮಾತೂ ನನ್ನ ಪಾಲಿಗೆ ಬಂತು. ಇಪ್ಪತ್ತು ನಿಮಿಷ ಮಾತಾಡಿದೆ. ಕೈಕಾಡಿ ಸಮುದಾಯ, 1871ರ ಕಾನೂನು, ಪಂದಿ–ಹಂದಿ, ಪ್ರಶಸ್ತಿಗಳು, ಕೊನೆಯ ಕಲ್ಲಿನ ಸಾಂಕೇತಿಕತೆ, ಎಲ್ಲ. ಚೆನ್ನಾಗಿ ಮಾತಾಡಿದಿರಿ ಅಂದರು. ಆಮೇಲೆ ದೀಪ ಆರಿಸಿ ಸಿನಿಮಾ ಹಾಕಿದೆವು.

ಯಾರೂ ನಗಲಿಲ್ಲ! ಮೂಗಿಗೆ ಕ್ಲಿಪ್ ಹಾಕಿಕೊಂಡಾಗ ನಗಲಿಲ್ಲ, ರಾಷ್ಟ್ರಗೀತೆಗೆ ನಗಲಿಲ್ಲ. ಹಂದಿಯ ಆಟ ಬಂದಾಗ "ಛೇ", "ಪಾಪ" ಅನ್ನುವ ದನಿಗಳು. ಕೊನೆಯ ಕಲ್ಲು ಬಂದಾಗ ಎಲ್ಲರೂ ಸಿದ್ಧರಾಗಿ ಕೂತಿದ್ದರು, ನಾನೇ ಹೇಳಿಬಿಟ್ಟಿದ್ದೆನಲ್ಲ. ದೀಪ ಹತ್ತಿದ ಮೇಲೆ ಜೋರು ಚಪ್ಪಾಳೆ, ಚಹಾ, ಚೂಡಾ. "ಮಹಾರಾಷ್ಟ್ರದ ಹಳ್ಳಿಗಳಲ್ಲಿ ಇನ್ನೂ ಹಿಂಗ ಅದನ್ರಿ?" ಅಂತ ವಿಜಾಪುರದ ನಮ್ಮ ಹಿರಿಯರೊಬ್ಬರು ಕೇಳಿದರು. ಅವರ ಊರು ಗಡಿಯಿಂದ ಎಷ್ಟು ಮೈಲಿ ಅಂತ ಅವರಿಗೆ ನೆನಪಿಸಬೇಕು ಅನ್ನಿಸಿತು. ಚಹಾ ಕುಡಿದೆ.

ಪ್ರೇಮಿಗಳ ದಿನದ ಆ ಮೋಸ ಯಾಕೆ ಬೇಕಾಗಿತ್ತು ಅಂತ ನನಗೆ ತಿಳಿದದ್ದು ಆವತ್ತು. ಇದು ಒಳ್ಳೆಯ ಉದ್ದೇಶದ ಸಾಮಾಜಿಕ ಚಿತ್ರ ಅಂತ ಮೊದಲೇ ಗೊತ್ತಾದವನು ಕೂರುವಾಗಲೇ ಜಬ್ಯಾನ ಪಕ್ಷ ವಹಿಸಿ ಕೂರುತ್ತಾನೆ. ಅವನು ನಗುವುದಿಲ್ಲ. ನಗದವನಿಗೆ ಆ ಕಲ್ಲು ತಾಗುವುದಿಲ್ಲ, ಪಕ್ಕದವನಿಗೆ ಬಿತ್ತು ಅಂತ ನೋಡುತ್ತಾನೆ. ಸೀಟಿ ಹೊಡೆಯಲಿಕ್ಕೆ ಬಂದು, ಗೋಡೆಯ ಮೇಲಿನ ಹುಡುಗರ ಜೊತೆ ತಾನೂ ನಕ್ಕವನಿಗೆ ಮಾತ್ರ ಅದು ನೇರ ಬರುತ್ತದೆ. ನನ್ನ ಇಪ್ಪತ್ತು ನಿಮಿಷದ ಭಾಷಣ ನಮ್ಮ ಬಳಗದ ಅರವತ್ತು ಜನರನ್ನು ಆ ಕಲ್ಲಿನಿಂದ ಕಾಪಾಡಿಬಿಟ್ಟಿತ್ತು.

ನಾವು ಕನ್ನಡದವರು ಕಲಾತ್ಮಕ ಚಿತ್ರ ನೋಡಲು ಕಲಿತದ್ದೇ ಹೀಗೆ ಅನ್ನಿಸುತ್ತದೆ. 'ಚೋಮನ ದುಡಿ' ಬಂದಾಗ ನಾನು ಧಾರವಾಡದಲ್ಲಿ ಕಾಲೇಜು ಹುಡುಗ. 1977ರ 'ಘಟಶ್ರಾದ್ಧ'ವನ್ನು ಎಂ.ಕಾಂ. ಓದುವಾಗ ಫಿಲ್ಮ್ ಸೊಸೈಟಿಯಲ್ಲಿ ನೋಡಿದೆ. ಎರಡೂ ನನ್ನನ್ನು ಬೆಳೆಸಿದ ಚಿತ್ರಗಳು, ಆ ಋಣ ದೊಡ್ಡದು. 'ಘಟಶ್ರಾದ್ಧ'ದಲ್ಲೂ ಒಬ್ಬ ಹುಡುಗ ದೊಡ್ಡವನಾಗುತ್ತಾನೆ. ನಾಣಿ ಯಮುನಕ್ಕನಿಗೆ ಆದದ್ದನ್ನು ನೋಡುತ್ತಾನೆ, ನೋಡಿ ಬೆಳೆಯುತ್ತಾನೆ. ನಾವು ನಾಣಿಯ ಪಕ್ಕ ನಿಂತು ಅವನ ಕಣ್ಣಿನಿಂದ ನೋಡುತ್ತೇವೆ, ಮರುಗುತ್ತೇವೆ. ಸಾಕ್ಷಿಯಾಗಿ ನಿಲ್ಲುವುದರಲ್ಲಿ ಒಂದು ಸಮಾಧಾನ ಇದೆ. ಜಬ್ಯಾ ಯಾರನ್ನೋ ನೋಡಿ ದೊಡ್ಡವನಾಗುವ ಹುಡುಗ ಅಲ್ಲ, ಎಲ್ಲರೂ ಅವನನ್ನು ನೋಡುತ್ತಾರೆ. ಅವನು ತಿರುಗಿ ನೋಡಿದಾಗ ಅಲ್ಲಿ ನಾವು ಕೂತಿರುತ್ತೇವೆ. ಚೋಮನಿಗೆ ದುಡಿ ಇತ್ತು, ಸಿಟ್ಟನ್ನೆಲ್ಲ ಅದರ ಮೇಲೆ ಬಡಿದು ಸತ್ತ. ಜಬ್ಯಾನಿಗೂ ಹಲಗೆ ಇದೆ, ಆದರೆ ಕೊನೆಗೆ ಅವನು ಎತ್ತುವುದು ಹಲಗೆಯನ್ನಲ್ಲ.

ಕರ್ನಾಟಕದ ನೆಂಟರಿಗೆ ಮಂಜುಳೆ ಅಂದರೆ 'ಸೈರಾಟ್'. 2016ರಲ್ಲಿ ನೂರು ಕೋಟಿ ದಾಟಿದ ಮೊದಲ ಮರಾಠಿ ಚಿತ್ರ ಅದು. ಮರುವರ್ಷ ಎಸ್. ನಾರಾಯಣ್ ಅದನ್ನು 'ಮನಸು ಮಲ್ಲಿಗೆ' ಅಂತ ಕನ್ನಡಕ್ಕೆ ತಂದರು, ನಾಯಕಿಯಾಗಿ ರಿಂಕು ರಾಜಗುರು ಅವರನ್ನೇ ಹಾಕಿಕೊಂಡರು. 'ಸೈರಾಟ್' ಮಾಡಿದ್ದೂ 'ಫ್ಯಾಂಡ್ರಿ'ಯ ಹಂಚಿಕೆಯನ್ನೇ. ಮೊದಲರ್ಧ ಕುಣಿಸಿ, ಕೊನೆಯ ಐದು ನಿಮಿಷದಲ್ಲಿ ಉಸಿರು ನಿಲ್ಲಿಸುವುದು. ಶಾಲೂಗೆ ಇಲ್ಲದ ಬಾಯಿಯನ್ನು ಅದರಲ್ಲಿ ಆರ್ಚಿಗೆ ಧಾರಾಳವಾಗಿ ಕೊಟ್ಟು ಹಳೆಯ ಬಾಕಿಯನ್ನೂ ತೀರಿಸಿದರು. ಕನ್ನಡಕ್ಕೆ ಬರುವ ಹೊತ್ತಿಗೆ ಮಾತ್ರ ಕೊನೆ ಏನು ಅಂತ ಎಲ್ಲರಿಗೂ ಗೊತ್ತಾಗಿತ್ತು. ಮುಂಚೆ ತಿಳಿಸಿ ಬಂದ ಕಲ್ಲು. 'ಫ್ಯಾಂಡ್ರಿ'ಯನ್ನು ಯಾರೂ ಕನ್ನಡಕ್ಕೆ ತರಲಿಲ್ಲ. ತಂದರೆ ಹೆಸರಿಗೆ ಭಾಷಾಂತರವೂ ಬೇಕಾಗಿರಲಿಲ್ಲ, ಒಂದು ಅಕ್ಷರ ತಿದ್ದಿದರೆ ಸಾಕಿತ್ತು.

ಇನ್ನು ಆ ಶಬ್ದ ನನಗೆ ಹೇಗೆ ಗೊತ್ತು ಅನ್ನುವುದು. ಡಬ್ಬಿ ಮೇಜಿನಲ್ಲಿ ಹೇಳಲಿಲ್ಲ, ಬಳಗದ ಭಾಷಣದಲ್ಲೂ ಹೇಳಲಿಲ್ಲ.

1986. ಸೊಲ್ಲಾಪುರ ಜಿಲ್ಲೆಯ ಒಂದು ಹಳ್ಳಿಯ ಬ್ರಾಂಚಿಗೆ ನಾನು ಮ್ಯಾನೇಜರ್ ಆಗಿ ಹೋಗಿದ್ದೆ. ಮೂವತ್ತು ತುಂಬದ ವಯಸ್ಸು. ನಮ್ಮ ಮಂಗಳೂರಿನ ಜನಾರ್ದನ ಪೂಜಾರಿಯವರು ಕೇಂದ್ರದಲ್ಲಿ ಹಣಕಾಸು ರಾಜ್ಯಮಂತ್ರಿ ಆಗಿದ್ದ ಕಾಲ, ದೇಶದ ತುಂಬ ಸಾಲಮೇಳ. ಐ.ಆರ್.ಡಿ.ಪಿ. ಯೋಜನೆಯಲ್ಲಿ ಎಮ್ಮೆ, ಕುರಿ, ಹೊಲಿಗೆ ಯಂತ್ರ ಅಂತ ಇನ್ನೂರು ಜನರ ಪಟ್ಟಿ ತಯಾರಾಗಿತ್ತು. ಮೇಳಕ್ಕೆ ರೀಜನಲ್ ಮ್ಯಾನೇಜರು, ತಹಶೀಲ್ದಾರರು ಬರುವವರು. ಬೆಳಿಗ್ಗೆ ನೋಡಿದರೆ ಪೆಂಡಾಲಿನ ಪಕ್ಕದ ಗಟಾರದಲ್ಲಿ ನಾಲ್ಕು ಹಂದಿ. ಜವಾನನಿಗೆ "ಯಾರನ್ನಾದರೂ ಕರ್ಕೊಂಡು ಬಾ, ಬೇಗ" ಅಂದೆ. ಅವನು ಊರ ಹೊರಗಿನಿಂದ ಒಂದು ಸಂಸಾರವನ್ನು ಕರೆತಂದ. ಗಂಡ, ಹೆಂಡತಿ, ಒಬ್ಬ ಹುಡುಗ. ಹುಡುಗ ಖಾಕಿ ಚಡ್ಡಿ, ಬಿಳಿ ಅಂಗಿಯಲ್ಲಿದ್ದ, ಶಾಲೆಯಿಂದ ನೇರ ಬಂದಿರಬೇಕು.

ಒಂದು ತಾಸು ಹಿಡಿಯಿತು. ನಾವು ಸ್ಟಾಫ್ ಎಲ್ಲ ಚಹಾದ ಕಪ್ಪು ಹಿಡಿದುಕೊಂಡು ಬ್ರಾಂಚಿನ ಮೆಟ್ಟಿಲ ಮೇಲೆ ನಿಂತಿದ್ದೆವು. ಸಾಲಕ್ಕೆ ಬಂದ ಜನವೂ ಸುತ್ತ ನಿಂತಿದ್ದರು. ಅಪ್ಪ ಗಟಾರದಲ್ಲಿ ಜಾರಿದ, ಎಲ್ಲರೂ ನಕ್ಕರು, ನಾನೂ. ಅವನು ಮಗನಿಗೆ ಏನೇನೋ ಕೂಗಿ ಹೇಳುತ್ತಿದ್ದ. ಅದು ಮರಾಠಿಯಲ್ಲ, ಅಷ್ಟು ನನಗೆ ಗೊತ್ತಾಯಿತು. ಅರ್ಧ ತಿಳಿದ ಹಾಗೆ, ಅರ್ಧ ತಿಳಿಯದ ಹಾಗೆ. 'ಫ್ಯಾಂಡ್ರಿ' ಅನ್ನುವುದು ಮಾತ್ರ ಪಕ್ಕಾ ತಿಳಿಯಿತು. ಊರು ಬಿಟ್ಟು ಬಂದು ಎರಡು ವರ್ಷ ಆಗಿತ್ತು, ಸುತ್ತ ಕನ್ನಡದ ಒಂದು ಅಕ್ಷರ ಆಡುವವರಿಲ್ಲದ ಹಳ್ಳಿ. ನನ್ನ ಭಾಷೆಯ ಒಂದು ಬೇರು ಸಿಕ್ಕಿತು ಅಂತ ನನಗೆ ಖುಷಿಯಾಯಿತು. ಹೌದು, ಆವತ್ತು ನನಗಾದದ್ದು ಖುಷಿ. ಮೆಟ್ಟಿಲಿನಿಂದ ಇಳಿದು ಅವನ ಜೊತೆ ಮಾತಾಡಲಿಲ್ಲ. ಹುಡುಗ ಒಂದು ಸಲ ಮೆಟ್ಟಿಲ ಕಡೆ ನೋಡಿದ. ಕಲ್ಲು ಗಿಲ್ಲು ಏನೂ ಎತ್ತಲಿಲ್ಲ.

ಸಾಲದ ಪಟ್ಟಿಯಲ್ಲಿ ಆ ಸಂಸಾರದ ಹೆಸರಿರಲಿಲ್ಲ. ಪಟ್ಟಿ ಪಂಚಾಯಿತಿಯಿಂದ ಬರುತ್ತಿತ್ತು, ನಾವು ಕೇಳುತ್ತಿರಲಿಲ್ಲ. ಕೂಲಿ ಅಂತ ಹದಿನೈದು ರೂಪಾಯಿ ಕೊಡಿಸಿದೆ. ವೋಚರ್ ಬರೆದದ್ದು ಇತರೆ ಖರ್ಚಿನ ಲೆಕ್ಕಕ್ಕೆ, ಆವರಣ ಸ್ವಚ್ಛತೆ ಅಂತ. ಅಪ್ಪ ಹೆಬ್ಬೆಟ್ಟು ಒತ್ತಲು ಶಾಯಿ ಪ್ಯಾಡ್ ಕೇಳಿದ. ಕ್ಯಾಷಿಯರ್, ಹೆಬ್ಬೆಟ್ಟಾದರೆ ಸಾಕ್ಷಿ ಸಹಿ ಬೇಕು, ಹುಡುಗ ಶಾಲೆಗೆ ಹೋಗ್ತಾನಲ್ಲ, ಅವನೇ ಸಹಿ ಮಾಡಲಿ ಅಂದ. ಹುಡುಗ ಚಡ್ಡಿಗೆ ಕೈ ಒರೆಸಿಕೊಂಡು, ಕೌಂಟರಿನ ಎತ್ತರಕ್ಕೆ ತುದಿಗಾಲಲ್ಲಿ ನಿಂತು, ಪೂರ್ತಿ ಹೆಸರು ಬರೆದ. ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ನಾನು ಕೆಳಗೆ ನನ್ನ ಸಣ್ಣ ಸಹಿ ಹಾಕಿ ಪಾಸ್ ಮಾಡಿದೆ. ಆ ಹೆಸರು ಏನಿತ್ತು ಅಂತ ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಅಕ್ಷರ ದುಂಡಗಿತ್ತು.